ಕ್ಯಾನ್ಸರ್ ಆಸ್ಪತ್ರೆಗೆ ತೋಟ ಯಾಕೆ ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಒಳ್ಳೆಯ ಕ್ಯಾನ್ಸರ್ ಕೇಂದ್ರ ಅಂದರೆ ಚಿಕಿತ್ಸೆ, ಸಂಶೋಧನೆ, ಮನಸ್ಸಿಗೆ ನೆಮ್ಮದಿ ಕೊಡುವ ಜಾಗ, ಮೂರೂ ಒಂದೇ ಕಾಂಪೌಂಡಿನೊಳಗೆ ಇರಬೇಕು ಅಂತ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ತುಂಬ ಪತ್ರ ಬಂದಿವೆ. ಕೆಲವರು ಒಪ್ಪಿದ್ದಾರೆ, ಕೆಲವರು ಸಿಟ್ಟಾಗಿದ್ದಾರೆ. ಸಿಟ್ಟಿನ ಪತ್ರದಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ನ್ಯಾಯ ಇದೆ. ಯಾರ ಹೆಸರೂ ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ತೋಟ, ಕಿಟಕಿ, ಅಡುಗೆಮನೆ ಅಂತೆಲ್ಲ ಬರೆದಿದ್ದೀರಿ. ನಮ್ಮ ಚಿಕ್ಕಪ್ಪನನ್ನು ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾವು ವರಾಂಡದಲ್ಲಿ ಟವೆಲ್ ಹಾಸಿಕೊಂಡು ಮಲಗಿದ್ದೆವು. ಮೊದಲು ಹಾಸಿಗೆ, ಮಿಷನ್, ಡಾಕ್ಟರ್ ಕೊಡಲಿ. ತೋಟ ಎಲ್ಲ ದುಡ್ಡಿದ್ದವರ ಶೋಕಿ ಅಲ್ವಾ? (ದಾವಣಗೆರೆ)

ಉತ್ತರ: ಹಾಸಿಗೆ, ಮಿಷನ್, ಡಾಕ್ಟರ್ ಮೊದಲು ಬೇಕು. ಅದರಲ್ಲಿ ತಕರಾರೇ ಇಲ್ಲ. ಆದರೆ ನೀವು ವರಾಂಡದಲ್ಲಿ ಮಲಗಿದ ಸಂಗತಿ ಬರೆದಿದ್ದೀರಲ್ಲ, ನಾನು ಹೇಳುತ್ತಿರುವುದೂ ಅದನ್ನೇ. ಕಾಯಿಲೆಯವರು, ಅವರ ಜೊತೆ ಬಂದವರು ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ, ಎಲ್ಲಿ ಅಳುತ್ತಾರೆ ಅನ್ನುವುದನ್ನು ಕಟ್ಟಡ ಕಟ್ಟುವಾಗ ಯಾರೂ ಯೋಚಿಸಿರುವುದಿಲ್ಲ.

ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅಂತ ಒಬ್ಬ ಹೆಣ್ಣುಮಗಳು ಬ್ರಿಟನ್ನಿನಲ್ಲಿದ್ದರು. ತೋಟಗಳ ಬಗ್ಗೆ ಬರೆಯುತ್ತಿದ್ದರು, ತೋಟ ವಿನ್ಯಾಸ ಮಾಡುತ್ತಿದ್ದರು. 1993ರಲ್ಲಿ ಅವರ ಸ್ತನ ಕ್ಯಾನ್ಸರ್ ಮರುಕಳಿಸಿತು. ಇನ್ನು ಎರಡು ಮೂರು ತಿಂಗಳು ಅಂತ ಡಾಕ್ಟರ್ ಹೇಳಿದರು. ಹೊರಗೆ ಬೇರೆಯವರು ಕಾಯುತ್ತಿದ್ದರಿಂದ, ಅಷ್ಟು ದೊಡ್ಡ ಸುದ್ದಿ ಕೇಳಿದ ಆಕೆಯನ್ನು ಕಿಟಕಿಯೇ ಇಲ್ಲದ ಒಂದು ಕಾರಿಡಾರಿನಲ್ಲಿ ಕೂರಿಸಿದರು. ಆ ಕಾರಿಡಾರನ್ನು ಅವರು ಮರೆಯಲಿಲ್ಲ. ಆಮೇಲೆ ಅವರು ಹೊಸ ಕೀಮೋ ಚಿಕಿತ್ಸೆಯ ಒಂದು ಪ್ರಯೋಗಕ್ಕೆ ಸೇರಿಕೊಂಡರು, ಎರಡು ಮೂರು ತಿಂಗಳು ಅಂದಿದ್ದು ಸುಮಾರು 18 ತಿಂಗಳಾಯಿತು, ಆ ಸಮಯವನ್ನೆಲ್ಲ ಕ್ಯಾನ್ಸರ್ ರೋಗಿಗಳಿಗೆ ಒಂದು ಮನೆಯಂಥ ಜಾಗ ಹೇಗಿರಬೇಕು ಅಂತ ನಕ್ಷೆ ಹಾಕುವುದಕ್ಕೆ ಕೊಟ್ಟರು. 1995ರಲ್ಲಿ ತೀರಿಕೊಂಡರು. ಮರುವರ್ಷ, 1996ರಲ್ಲಿ, ಎಡಿನ್‌ಬರೋದ ಆಸ್ಪತ್ರೆ ಆವರಣದಲ್ಲಿ ಹಳೆಯ ಕುದುರೆ ಲಾಯವನ್ನೇ ಸರಿಮಾಡಿ ಮೊದಲ ಮ್ಯಾಗೀಸ್ ಕೇಂದ್ರ ತೆರೆದರು. ಈಗ ಬ್ರಿಟನ್ನಿನಲ್ಲಿ ಇಂಥವು ಇಪ್ಪತ್ತಕ್ಕೂ ಜಾಸ್ತಿ ಇವೆ. ಒಳಗೆ ಹೋದರೆ ರಿಸೆಪ್ಶನ್ ಕೌಂಟರ್ ಇಲ್ಲ, ಚೀಟಿ ಇಲ್ಲ, ಫೀಸ್ ಇಲ್ಲ. ಅಡುಗೆಮನೆ, ದೊಡ್ಡ ಮೇಜು, ಟೀ. ಯಾರು ಬೇಕಾದರೂ ಬಂದು ಕೂರಬಹುದು. ಮಾತಾಡಲೇಬೇಕು ಅಂತಿಲ್ಲ.

ಮ್ಯಾಗಿಯ ಕತೆಯಲ್ಲಿ ಕಾರಿಡಾರೂ ಇದೆ, ಪ್ರಯೋಗದ ಔಷಧಿಯೂ ಇದೆ. ಆ ಹೆಚ್ಚಿನ ತಿಂಗಳುಗಳನ್ನು ಅವರಿಗೆ ಕೊಟ್ಟಿದ್ದು ಸಂಶೋಧನೆ. ಆ ತಿಂಗಳುಗಳನ್ನು ಹೇಗೆ ಕಳೆಯಬೇಕು ಅನ್ನುವ ಯೋಚನೆ ಹುಟ್ಟಿದ್ದು ಆ ಕಾರಿಡಾರಿನಲ್ಲಿ. ಅದಕ್ಕೇ ಎರಡನ್ನೂ ಬೇರೆ ಮಾಡಬೇಡಿ ಅನ್ನುತ್ತೇನೆ.

ಇನ್ನು ಕಿಟಕಿ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಹಳೆಯ ದಾಖಲೆ ತೆಗೆದು ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದ 23 ಜನ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮುಂಚೆ ಮನೆಗೆ ಹೋದರು, ಜೋರಾದ ನೋವಿನ ಔಷಧಿ ಕಡಿಮೆ ಕೇಳಿದರು. ಸಣ್ಣ ಅಧ್ಯಯನ, ಕ್ಯಾನ್ಸರಿಗೆ ಸಂಬಂಧಪಟ್ಟಿದ್ದೂ ಅಲ್ಲ. ಮರ ನೋಡಿದರೆ ಗೆಡ್ಡೆ ಕರಗುತ್ತದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಆದರೆ ನೋವು ಕಡಿಮೆ ಅನಿಸುವುದು, ನಿದ್ದೆ ಬರುವುದು, ಊಟ ಸೇರುವುದು, ಮುಂದಿನ ಕೀಮೋಗೆ ಹೆದರಿ ಓಡಿಹೋಗದೆ ಇರುವುದು, ಇವೆಲ್ಲ ಚಿಕಿತ್ಸೆಗೆ ಸೇರಿದ ವಿಷಯಗಳೇ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ಬೆಳಿಗ್ಗೆ ಕೀಮೋ ಡ್ರಿಪ್ ಹಾಕಿದರೆ ಎಷ್ಟೋ ಜನರಿಗೆ ಮುಗಿಯುವಾಗ ಮಧ್ಯಾಹ್ನ ದಾಟಿರುತ್ತದೆ. ಆ ಕುರ್ಚಿ ಗೋಡೆಗೆ ಮುಖ ಮಾಡಿದೆಯಾ, ಕಿಟಕಿಗೆ ಮುಖ ಮಾಡಿದೆಯಾ? ತಿರುಗಿಸಿ ಇಡುವುದಕ್ಕೆ ಖರ್ಚಿಲ್ಲ. ಹೊರಗೆ ಹೊಂಗೆ, ಬೇವು ಹಾಕಿದರೆ ನಾಲ್ಕೈದು ವರ್ಷಕ್ಕೆ ನೆರಳು. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಆಸ್ಪತ್ರೆ ಮುಂದೆ ನಿಂತವರಿಗೆ ಆ ನೆರಳಿನ ಬೆಲೆ ಗೊತ್ತು. ಕುಡಿಯುವ ನೀರು, ಹೆಂಗಸರಿಗೆ ಸ್ವಚ್ಛವಾದ ಶೌಚಾಲಯ, ತಲೆ ಕೂದಲು ಉದುರಿದವರಿಗೆ ಕನ್ನಡಿ ಇರುವ ಒಂದು ಮೂಲೆ, ಜೊತೆಗೆ ಬಂದವರು ಗಂಜಿ ಬಿಸಿ ಮಾಡಿಕೊಳ್ಳಲು ಒಂದು ಒಲೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ. "ನಿಮಗೆ ಕ್ಯಾನ್ಸರ್ ಇದೆ" ಅನ್ನುವ ಮಾತನ್ನು ಮೂವತ್ತು ಜನ ನಿಂತ ಕ್ಯೂ ಮುಂದೆ ಹೇಳಬಾರದು. ಒಂದು ಕೋಣೆ, ಮೂರು ಕುರ್ಚಿ ಸಾಕು.

ಒಂದು ಎಚ್ಚರಿಕೆ ಮಾತ್ರ ಇದೆ. ಕೀಮೋ ಆದ ಮೇಲೆ ಬಿಳಿ ರಕ್ತಕಣ ತುಂಬ ಇಳಿದವರಿಗೆ ಹಸಿ ಮಣ್ಣು, ಹೂವಿನ ಕುಂಡದಿಂದ ಸೋಂಕು ತಗಲಬಹುದು. ಅಸ್ಥಿಮಜ್ಜೆ ಕಸಿ ಮಾಡುವ ವಾರ್ಡಿನೊಳಗೆ ಹೂವು, ಕುಂಡ ಬಿಡುವುದಿಲ್ಲ. ಅಂಥವರಿಗೆ ತೋಟ ಗಾಜಿನ ಆಚೆಗೇ ಇರಬೇಕು. ದಾವಣಗೆರೆಯ ಗಾಜಿನ ಮನೆ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವಲ್ಲ. ಗಿಡ ನೋಡಿದರೆ ಮನಸ್ಸು ಹಗುರಾಗುತ್ತದೆ ಅಂತ ನಮಗೂ ಗೊತ್ತಿದೆ. ಕಾಯಿಲೆ ಬಿದ್ದವರಿಗೆ ಮಾತ್ರ ಅದು ಯಾಕೆ ಶೋಕಿ ಆಗಬೇಕು?

ಪ್ರಶ್ನೆ: ನಮ್ಮ ತಂದೆಗೆ ಬಾಯಿ ಕ್ಯಾನ್ಸರ್. ದೊಡ್ಡ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟು "ಇದು ರಿಸರ್ಚ್, ಸೇರ್ತೀರಾ" ಅಂತ ಕೇಳಿದ್ದಾರೆ. ನಮ್ಮಂಥ ಬಡವರ ಮೇಲೆ ಔಷಧಿ ಪ್ರಯೋಗ ಮಾಡ್ತಾರೆ ಅಂತ ಊರಲ್ಲಿ ಹೆದರಿಸ್ತಿದ್ದಾರೆ. ಸಹಿ ಹಾಕಬಹುದಾ? (ಚಿತ್ರದುರ್ಗ)

ಉತ್ತರ: ತಮ್ಮಾ, ಓದದೆ ಸಹಿ ಹಾಕಬೇಡಿ. ಓದದೆ ಬೇಡ ಅಂತಲೂ ಅನ್ನಬೇಡಿ.

ಭಯಕ್ಕೆ ಕಾರಣ ಇದೆ. ಬಡವರನ್ನು ಸರಿಯಾಗಿ ಕೇಳದೆ ಪ್ರಯೋಗಕ್ಕೆ ಸೇರಿಸಿದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ, ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. ಅದಾದ ಮೇಲೆ ಕಾನೂನು ಬಿಗಿಯಾಗಿದೆ. 2019ರಲ್ಲಿ ಹೊಸ ನಿಯಮ ಬಂದಿದೆ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರುವೇ ಮಾಡುವ ಹಾಗಿಲ್ಲ. ಆ ಸಮಿತಿಯಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಹೊರಗಿನ ಸಾಮಾನ್ಯ ಜನ ಕೂಡ ಇರಬೇಕು. 2009ರಿಂದ ಪ್ರತಿ ಔಷಧಿ ಪ್ರಯೋಗವನ್ನೂ ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಲೇಬೇಕು. ಯಾರು ಬೇಕಾದರೂ ಅದನ್ನು ಮೊಬೈಲಿನಲ್ಲಿ ತೆರೆದು ನೋಡಬಹುದು. ಹಾಗಾಗಿ ಮೊದಲು ಸಿಟಿಆರ್‌ಐ ನಂಬರ್ ಕೇಳಿ.

ಆಮೇಲೆ ಫಾರಂ ಕನ್ನಡದಲ್ಲಿ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಕೆಲಸ. ಒಂದು ಪ್ರತಿ ಮನೆಗೆ ತನ್ನಿ, ನಿಮ್ಮ ಮಾಮೂಲಿ ಡಾಕ್ಟರಿಗೋ, ಓದಿದ ನೆಂಟರಿಗೋ ತೋರಿಸಿ. ಸೇರದಿದ್ದರೆ ತಂದೆಗೆ ಯಾವ ಚಿಕಿತ್ಸೆ ಸಿಗುತ್ತದೆ, ಸೇರಿದರೆ ಯಾವುದು ಬೇರೆ, ಜಾಸ್ತಿ ಬರುವ ಖರ್ಚು ಯಾರದು, ಎಷ್ಟು ಸಲ ಓಡಾಡಬೇಕು ಅಂತ ಕೇಳಿ. ಮಧ್ಯದಲ್ಲಿ ಬಿಟ್ಟು ಬರುವ ಹಕ್ಕು ನಿಮಗಿದೆ. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. "ಈಗಲೇ ಸಹಿ ಹಾಕಿ, ಟೈಮಿಲ್ಲ" ಅಂತ ಅವಸರ ಮಾಡಿದರೆ ಎದ್ದು ಬನ್ನಿ.

ಹಾಗಾದರೆ ಸೇರಿದರೆ ಏನು ಉಪಯೋಗ? ನಿಮ್ಮ ತಂದೆಯ ಕಾಯಿಲೆಯನ್ನೇ ತೆಗೆದುಕೊಳ್ಳಿ. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದಾಗ ಬಾಯಿಯ ಆಪರೇಷನ್ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕಾ, ಅಥವಾ ಅಲ್ಲಿಗೆ ಹರಡಿದ ಮೇಲೆ ತೆಗೆದರೆ ಸಾಕಾ? ಪ್ರಪಂಚದ ಸರ್ಜನ್ನುಗಳು ಇದರ ಬಗ್ಗೆ ಬಹಳ ವರ್ಷ ವಾದ ಮಾಡಿದರು. ಉತ್ತರ ಕೊಟ್ಟಿದ್ದು ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. 2015ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಜನ ಬದುಕಿದ್ದರು. ಕಾದವರಲ್ಲಿ 67.5. ಇದು ಗೊತ್ತಾಗಿದ್ದು ನಮ್ಮ ನಿಮ್ಮಂಥವರ ಅಪ್ಪಂದಿರು ಆ ಪ್ರಯೋಗಕ್ಕೆ ಸೇರಿದ್ದರಿಂದ.

ಇನ್ನೊಂದು ಹೇಳುತ್ತೇನೆ. ನಿವೊಲುಮಾಬ್ ಅಂತ ಒಂದು ಇಮ್ಯುನೊಥೆರಪಿ ಔಷಧಿ ಇದೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡುವ ಹಾಗೆ ಮಾಡುವಂಥದ್ದು. ಹೊರದೇಶದಲ್ಲಿ 240 ಮಿಲಿಗ್ರಾಂ ಕೊಡುತ್ತಾರೆ, ಬೆಲೆ ಕೇಳಿದರೆ ಹೊಲ ಮಾರಬೇಕು. ಟಾಟಾದ ಡಾಕ್ಟರುಗಳು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಗುಣವಾಗದ ಹಂತಕ್ಕೆ ಹೋಗಿದ್ದ 151 ಜನರ ಮೇಲೆ ಈ ಅಧ್ಯಯನ ನಡೆಯಿತು. ಮಾತ್ರೆಗಳ ಕೀಮೋ ಮಾತ್ರ ಪಡೆದವರಲ್ಲಿ ಒಂದು ವರ್ಷಕ್ಕೆ ನೂರಕ್ಕೆ ಸುಮಾರು 16 ಜನ ಉಳಿದಿದ್ದರೆ, ಅದರ ಜೊತೆ ಈ ಸಣ್ಣ ಡೋಸ್ ಪಡೆದವರಲ್ಲಿ 43 ಜನ. ಔಷಧಿ ಕಂಪನಿಗೆ ಡೋಸ್ ಕಡಿಮೆ ಮಾಡಿ ನೋಡುವ ಆಸೆ ಇರುವುದಿಲ್ಲ. ಅದನ್ನು ರೋಗಿಗಳನ್ನು ದಿನಾ ನೋಡುವ ನಮ್ಮದೇ ಡಾಕ್ಟರುಗಳು ಮಾಡಬೇಕು. 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕ ನೆಕ್ಸ್‌ಕಾರ್19 ಕೂಡ ಹೀಗೇ. ಕೆಲವು ರಕ್ತದ ಕ್ಯಾನ್ಸರುಗಳಿಗೆ ರೋಗಿಯ ಜೀವಕೋಶವನ್ನೇ ತಿದ್ದಿ ಕೊಡುವ ಈ ಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ್ದು. ಇದೂ ಅಗ್ಗ ಅಲ್ಲ, ಲಕ್ಷಗಟ್ಟಲೆ ಆಗುತ್ತದೆ. ಆದರೆ ಅಮೆರಿಕದಲ್ಲಿ ಇಂಥ ಚಿಕಿತ್ಸೆಯ ಬೆಲೆ ಕೋಟಿಗಳಲ್ಲಿದೆ.

ಎಲ್ಲ ಪ್ರಯೋಗವೂ ತಕರಾರಿಲ್ಲದೆ ನಡೆದಿಲ್ಲ ಅನ್ನುವುದನ್ನೂ ಹೇಳಬೇಕು. ಮುಂಬೈನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ದೊಡ್ಡ ಅಧ್ಯಯನ ನಡೆಯಿತು. ವಿನಿಗರ್ ಹಚ್ಚಿ ನೋಡುವ ಸರಳ ಪರೀಕ್ಷೆ, ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತು ಅಂತ 2013ರಲ್ಲಿ ತಿಳಿಸಿದರು. ಬಹಳ ದೊಡ್ಡ ಫಲ. ಆದರೆ ಹೋಲಿಕೆಗೆ ಅಂತ ಇಟ್ಟಿದ್ದ ಅರ್ಧ ಹೆಂಗಸರಿಗೆ ತಿಳುವಳಿಕೆ ಮಾತ್ರ ಕೊಟ್ಟು ತಪಾಸಣೆ ಮಾಡದೆ ಬಿಟ್ಟಿದ್ದು ಸರಿಯಾ ಅಂತ ಪ್ರಶ್ನೆ ಎದ್ದಿತು. ನನ್ನ ಪ್ರಕಾರ ಆ ಪ್ರಶ್ನೆ ಕೇಳಿದವರು ಸರಿಯಾಗಿಯೇ ಕೇಳಿದರು. ನೀವೂ ಕೇಳಿ. ಪ್ರಶ್ನೆ ಕೇಳುವ ಮನೆಯವರಿದ್ದರೆ ಸಂಶೋಧನೆಯೂ ನೆಟ್ಟಗಿರುತ್ತದೆ.

ಪ್ರಶ್ನೆ: ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತಾ? ನಮ್ಮ ತೋಟವೇ ಅಡಿಕೆ, ಮನೆ ನಡೆಯುವುದೇ ಅದರಿಂದ. ಸಿಟ್ಟು ಮಾಡಿಕೊಳ್ಳಲ್ಲ, ನಿಜ ಹೇಳಿ. (ಚನ್ನಗಿರಿ)

ಉತ್ತರ: ಅಣ್ಣಾ, ನಿಜವನ್ನೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ತಂಬಾಕು ಸೇರಿಸದಿದ್ದರೂ ಅಷ್ಟೇ. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಅಡಿಕೆಯನ್ನು ದಿನಾ ಅಗಿದು ದವಡೆಯಲ್ಲಿ ಇಟ್ಟುಕೊಳ್ಳುವವರಿಗೆ ಬಾಯಿಯ ಒಳಚರ್ಮ ಬಿಗಿಯುತ್ತಾ ಬರುತ್ತದೆ. ಖಾರ ತಿಂದರೆ ಉರಿ. ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ.

ಪರೀಕ್ಷೆ ಸುಲಭ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ ಬಾಯಿಗೆ ಹಾಕಿ ನೋಡಿ. ಹೋಗದಿದ್ದರೆ, ಅಥವಾ ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಡಾಕ್ಟರಿಗೆ ತೋರಿಸಿ. ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ತೋರಿಸಿದರೂ ಆಯಿತು, ಬಾಯಿ ನೋಡುವುದೇ ಅವರ ಕೆಲಸ.

ಹಬ್ಬಕ್ಕೆ, ಮದುವೆಗೆ ಎಲೆ ಅಡಿಕೆ ಕೊಡುವುದು ನಮ್ಮ ಮರ್ಯಾದೆಯ ವಿಷಯ, ಅದು ನನಗೂ ಗೊತ್ತು. ತೋಟ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅಡಿಕೆ ಬೆಳೆಗಾರರ ಬದುಕಿನ ಪ್ರಶ್ನೆಯನ್ನು ಸರ್ಕಾರ ಅವರ ಜೊತೆ ಕೂತು ಮಾತಾಡಬೇಕು. ಒಬ್ಬೊಬ್ಬ ರೈತನ ತಲೆಗೆ ಕಟ್ಟಬಾರದು. ಆದರೆ ನಿಮ್ಮ ಮಗನ ಜೇಬಿನಲ್ಲಿ ಗುಟ್ಕಾ, ಪಾನ್ ಮಸಾಲ ಪಾಕೀಟು ಕಂಡರೆ ಸುಮ್ನೆ ಇರಬೇಡಿ. ಅಡಿಕೆ ಸುಲಿಯುವ ಕಡೆ, ಚೇಣಿ ಮನೆಯಲ್ಲಿ ಹುಡುಗರು ಕೆಲಸ ಮಾಡುತ್ತಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ಅಕ್ಕಾ, ನನ್ನ ತಂಗಿಗೆ ಎದೆಯಲ್ಲಿ ಗಂಟು. ಸೂಜಿ ಹಾಕಿ ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅಂತ ಅತ್ತೆ ಮನೆಯವರು ಬೇಡ ಅಂತಿದ್ದಾರೆ. ಇಲ್ಲೇ ಒಂದು ಕಡೆ ಗಂಟು ತೆಗೆದುಬಿಡ್ತೀವಿ ಅಂದಿದ್ದಾರೆ. ಏನು ಮಾಡಲಿ? ಬೆಂಗಳೂರಿಗೆ ಹೋಗುವ ಶಕ್ತಿ ಇಲ್ಲ. (ಜಗಳೂರು)

ಉತ್ತರ: ಅವ್ವಾ, ಈ ವಾರವೇ ಕರೆದುಕೊಂಡು ಹೋಗಿ. ಗಂಟು ಅಂದರೆಲ್ಲ ಕ್ಯಾನ್ಸರ್ ಅಲ್ಲ, ಬಹಳಷ್ಟು ಗಂಟು ಸಾದಾ ಗಂಟೇ ಆಗಿರುತ್ತವೆ. ಆದರೆ ಯಾವುದು ಅಂತ ನೋಡದೆ ಗೊತ್ತಾಗುವುದಿಲ್ಲ.

ಎದೆಯ ಗಂಟಿಗೆ ಸೂಜಿ ಹಾಕಿದರೆ ಮೈಯೆಲ್ಲ ಹರಡುತ್ತದೆ ಅನ್ನುವುದು ನಮ್ಮ ಕಡೆ ಬೇರೂರಿರುವ ಭಯ. ಅದು ಸುಳ್ಳು. ಈ ಭಯ ಹುಟ್ಟುವುದಕ್ಕೆ ಕಾರಣ ಇದೆ. ಜನ ಬಹಳ ತಡವಾಗಿ ಆಸ್ಪತ್ರೆಗೆ ಹೋಗುತ್ತಾರೆ, ಪರೀಕ್ಷೆ ಮಾಡುವ ಹೊತ್ತಿಗೆ ಕಾಯಿಲೆ ಆಗಲೇ ಹರಡಿರುತ್ತದೆ, ಕೆಲವೇ ದಿನಗಳಲ್ಲಿ ಸ್ಥಿತಿ ಕೆಡುತ್ತದೆ, ಆಗ ಮನೆಯವರಿಗೆ ಸೂಜಿಯೇ ಕಾರಣ ಅನಿಸುತ್ತದೆ. ಅತ್ತೆ ಮನೆಯವರಿಗೆ ಇದನ್ನು ಹೀಗೇ ಬಿಡಿಸಿ ಹೇಳಿ. ಬೇಕಾದರೆ ಈ ಪುಟ ತೋರಿಸಿ.

ಗಂಟನ್ನು ಪರೀಕ್ಷೆ ಇಲ್ಲದೆ ಸುಮ್ನೆ ತೆಗೆದುಬಿಡುವುದು ಮಾತ್ರ ಬೇಡವೇ ಬೇಡ. ಕ್ಯಾನ್ಸರ್ ಆಗಿದ್ದರೆ ಮೊದಲು ಆಪರೇಷನ್ ಬೇಕಾ, ಮೊದಲು ಕೀಮೋ ಬೇಕಾ, ಎದೆ ಉಳಿಸಬಹುದಾ ಅನ್ನುವ ತೀರ್ಮಾನ ಸೂಜಿ ಪರೀಕ್ಷೆಯ ರಿಪೋರ್ಟಿನ ಮೇಲೆ ನಿಂತಿರುತ್ತದೆ. ಅರ್ಧಂಬರ್ಧ ತೆಗೆದರೆ ಮುಂದಿನ ಡಾಕ್ಟರಿಗೆ ಮೂಲ ಗಂಟು ಎಷ್ಟಿತ್ತು ಅಂತಲೇ ಸರಿಯಾಗಿ ತಿಳಿಯುವುದಿಲ್ಲ. ಒಳ್ಳೆಯ ಕೇಂದ್ರಗಳಲ್ಲಿ ಟ್ಯೂಮರ್ ಬೋರ್ಡ್ ಅಂತ ಇರುತ್ತದೆ. ಆಪರೇಷನ್ ಮಾಡುವವರು, ಕೀಮೋ ಕೊಡುವವರು, ಕರೆಂಟ್ (ರೇಡಿಯೇಶನ್) ಕೊಡುವವರು, ಸ್ಕ್ಯಾನಿಂಗ್ ನೋಡುವವರು, ಪೆಥಾಲಜಿಯವರು ಒಟ್ಟಿಗೆ ಕೂತು ಒಬ್ಬ ರೋಗಿಯ ಬಗ್ಗೆ ಮಾತಾಡುತ್ತಾರೆ. ದೊಡ್ಡ ಕೇಂದ್ರಕ್ಕೆ ಹೋಗುವುದರ ಮುಖ್ಯ ಲಾಭ ಇದು. ಮಿಷನ್ನಿಗಿಂತ ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

ಸೂಜಿ ಪರೀಕ್ಷೆ ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೇ ಆಗುತ್ತದೆ, ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಮಾಡಿಸಿದ ಕಡೆಯಿಂದ ರಿಪೋರ್ಟ್ ಜೊತೆಗೆ ಸ್ಲೈಡ್ ಮತ್ತು ಮೇಣದ ಬ್ಲಾಕ್ (ಗಂಟಿನಿಂದ ತೆಗೆದ ಚೂರನ್ನು ಮೇಣದಲ್ಲಿ ಇಟ್ಟಿರುವುದು) ಕೇಳಿ ಇಸಿದುಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಕೇಳುತ್ತಾರೆ. ಕ್ಯಾನ್ಸರ್ ಅಂತ ಬಂದರೆ ಇಆರ್, ಪಿಆರ್, ಹರ್2 ಅನ್ನುವ ಮೂರು ಪರೀಕ್ಷೆ ಅದೇ ಬ್ಲಾಕಿನಿಂದ ಮಾಡುತ್ತಾರೆ. ಅದನ್ನು ನೋಡಿಯೇ ಔಷಧಿ ಆರಿಸುವುದು.

ಬೆಂಗಳೂರಿನ ಕಿದ್ವಾಯಿ 1973ರಿಂದ ನಡೆಯುತ್ತಿರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಆದರೆ ಹುಬ್ಬಳ್ಳಿ 150ರ ಆಸುಪಾಸು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ಹೊರಡುವ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು (ಈ ಯೋಜನೆಗೆ ನೆರವಾಗುವ ಸಿಬ್ಬಂದಿ) ಕಂಡು ರೆಫರಲ್ ಪತ್ರ ಮಾಡಿಸಿಕೊಳ್ಳಿ. ಪತ್ರ ಇಲ್ಲದೆ ಹೋಗಿ ವಾಪಸ್ ಬಂದವರು ಬಹಳ ಜನ.

ಕ್ಯಾನ್ಸರ್ ಅಂತ ತೀರ್ಮಾನವಾಗಿ ಚಿಕಿತ್ಸೆಗೆ ಓಡಾಡಬೇಕಾದರೆ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ 75 ಕಡಿತ. ಆಸ್ಪತ್ರೆಯಿಂದ ರೈಲ್ವೆ ನಮೂನೆಯ ಪ್ರಮಾಣಪತ್ರ ತರಬೇಕು. ದಾವಣಗೆರೆ ಅಥವಾ ಚಿಕ್ಕಜಾಜೂರಿನಲ್ಲಿ ರೈಲು ಹತ್ತಬಹುದು.

ಕರೆಂಟ್ ಕೊಡುವುದು ಅಂದರೆ ವಾರಕ್ಕೆ ಐದು ದಿನ, ಮೂರರಿಂದ ಆರೇಳು ವಾರ. ಒಂದು ಸಲಕ್ಕೆ ಮಿಷನ್ ಕೆಳಗೆ ಮಲಗುವುದು ಕೆಲವೇ ನಿಮಿಷ, ಅಷ್ಟಕ್ಕಾಗಿ ವಾರಗಟ್ಟಲೆ ಬೇರೆ ಊರಲ್ಲಿ ಇರಬೇಕು. ಗರ್ಭಕೊರಳಿನ ಕ್ಯಾನ್ಸರಿಗಂತೂ ಒಟ್ಟು ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು, ಎಳೆದರೆ ಫಲ ಕಡಿಮೆ. ಲಾಡ್ಜಿಗೆ ದುಡ್ಡಿಲ್ಲದೆ ಮಧ್ಯದಲ್ಲೇ ಊರಿಗೆ ಬಂದುಬಿಡುವವರಿದ್ದಾರೆ. ಅಂಥವರ ಪಾಲಿಗೆ ಧರ್ಮಶಾಲೆಯ ಒಂದು ಮಂಚವೂ ಚಿಕಿತ್ಸೆಯ ಭಾಗವೇ. ದಾವಣಗೆರೆಯ ಓದುಗರೇ, ನೀವು ವರಾಂಡದಲ್ಲಿ ಮಲಗಿದ್ದನ್ನು ಬರೆದಿರಿ. ಹೊಸ ಕೇಂದ್ರ ಕಟ್ಟುವಾಗ ಉಳಿದುಕೊಳ್ಳುವ ಜಾಗವನ್ನು ಮೊದಲ ನಕ್ಷೆಯಲ್ಲೇ ಹಾಕಬೇಕು ಅನ್ನುವುದು ಇದಕ್ಕೇ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್ ಹರಡಿದೆ. "ಇನ್ನು ಮಾಡೋದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ರಾತ್ರಿ ನೋವಿನಿಂದ ಕೂಗುತ್ತಾರೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತೆ, ಬೇಗ ಹೋಗಿಬಿಡ್ತಾರೆ ಅಂತಾರೆ. (ಹರಿಹರ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಕೂತಿದ್ದೆ. ಮಾಡುವುದು ಏನೂ ಇಲ್ಲ ಅನ್ನುವ ಮಾತನ್ನು ಯಾವ ಡಾಕ್ಟರೂ ಹೇಳಬಾರದು. ಗುಣ ಮಾಡಲು ಆಗದಿರಬಹುದು. ನೋವು ಇಳಿಸಲು ಆಗುತ್ತದೆ.

ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ, ಹೊತ್ತು ಹೊತ್ತಿಗೆ ಕೊಡುವ ಮಾರ್ಫಿನ್ ಮಾತ್ರೆಯಿಂದ ಚಟ ಹತ್ತುವುದು ತೀರಾ ಅಪರೂಪ. ಸರಿಯಾದ ಡೋಸಿನಿಂದ ಯಾರೂ ಬೇಗ ಹೋಗುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೊಡುತ್ತಾರೆ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ನೋವು ಬಂದಾಗ ಮಾತ್ರ ಕೊಡೋಣ ಅಂತ ಕಾಯಬೇಡಿ. ಗಡಿಯಾರ ನೋಡಿ ಕೊಡಿ. ತೀರಾ ಎಬ್ಬಿಸಲಾಗದಷ್ಟು ನಿದ್ದೆ, ಉಸಿರು ನಿಧಾನ ಅನಿಸಿದರೆ ಕೂಡಲೇ ಡಾಕ್ಟರಿಗೆ ಹೇಳಿ. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಅದಕ್ಕೆ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಸಿಗುತ್ತದೆ. 2014ರಲ್ಲಿ ಕಾನೂನು ತಿದ್ದಿ ಇದನ್ನು ಸ್ವಲ್ಪ ಸುಲಭ ಮಾಡಿದ್ದಾರೆ. ಅಮ್ಮನಿಗೆ ಚಿಕಿತ್ಸೆ ಕೊಟ್ಟ ಕೇಂದ್ರದಲ್ಲೇ "ಪ್ಯಾಲಿಯೇಟಿವ್ ಕೇರ್ ವಿಭಾಗ ಎಲ್ಲಿ" ಅಂತ ಕೇಳಿ. ನೋವು, ಸಂಕಟ ಇಳಿಸುವ ಆರೈಕೆಗೆ ಹಾಗನ್ನುತ್ತಾರೆ. ಅಮ್ಮ ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನೀವು ಫೈಲ್ ತೆಗೆದುಕೊಂಡು ಹೋಗಿ ಮಾತಾಡಿ.

ಇನ್ನೊಂದು ಮಾತು ಇತರ ಓದುಗರಿಗೂ ಸೇರಿ. ಈ ವಿಭಾಗಕ್ಕೆ ಕೊನೆಯಲ್ಲಿ ಹೋಗಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 2010ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನ. ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಆರೈಕೆಯೂ ಸಿಕ್ಕವರು ಸುಮಾರು 11.6 ತಿಂಗಳು ಬದುಕಿದರು, ಸಿಗದವರು 8.9 ತಿಂಗಳು. ಆರೈಕೆ ಸಿಕ್ಕವರ ಮನಸ್ಸೂ ಕಡಿಮೆ ಕುಗ್ಗಿತ್ತು. ಹಾಗಾಗಿ ಈ ವಿಭಾಗ ಕೀಮೋ ವಾರ್ಡಿನ ಪಕ್ಕದಲ್ಲೇ ಇರಬೇಕು. ಯಾವುದೋ ಹಿಂದಿನ ಕಟ್ಟಡದಲ್ಲಿ ಅಲ್ಲ.

ಬೆಂಗಳೂರಿನಲ್ಲಿ ಕರುಣಾಶ್ರಯ ಅನ್ನುವ ಜಾಗ ಇದೆ. 1994ರಲ್ಲಿ ಟ್ರಸ್ಟ್ ಶುರುವಾಯಿತು. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ಕೇಳದೆ ನೋಡಿಕೊಳ್ಳುತ್ತಾರೆ. ಕಟ್ಟಡವನ್ನು ನೀರು, ಗಿಡ, ಗಾಳಿ, ಬೆಳಕು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದಾರೆ. ತೋಟ ಇರುವುದೆಲ್ಲ ದುಡ್ಡಿದ್ದವರಿಗೆ ಅನ್ನುವವರು ಇದನ್ನು ಒಮ್ಮೆ ನೋಡಬೇಕು. ಅಮ್ಮ ಮನೆಯಲ್ಲೇ ಇರುತ್ತಾರೆ ಅಂದರೆ ಅದೂ ಒಳ್ಳೆಯದೇ. ಮಂಚವನ್ನು ಕಿಟಕಿ ಪಕ್ಕಕ್ಕೆ ಎಳೆದು ಹಾಕಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ರಾತ್ರಿ ಪಾಳಿಗೆ ನೆಂಟರನ್ನು ಕೇಳಿ, ಸಂಕೋಚ ಪಡಬೇಡಿ.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ. ನಮ್ಮ ಜಿಲ್ಲೆಗೂ ಇಂಥ ಕ್ಯಾನ್ಸರ್ ಸಂಶೋಧನಾ ಕೇಂದ್ರ ಬರಬಹುದಾ? ನಾನು ಡಾಕ್ಟರ್ ಆಗಲ್ಲ, ಆದರೂ ಇದರಲ್ಲಿ ಕೆಲಸ ಮಾಡಬೇಕು ಅಂತ ಆಸೆ. (ಚಳ್ಳಕೆರೆ)

ಉತ್ತರ: ಬರಬೇಕು ಅಂತ ಕೇಳುವ ಹಕ್ಕು ನಮಗಿದೆ ತಂಗಿ. ಜಾಗ ಇದೆ, ಮೆಡಿಕಲ್ ಕಾಲೇಜುಗಳಿವೆ, ಹೆದ್ದಾರಿ ಇದೆ. ಆದರೆ ಕಟ್ಟಡಕ್ಕಿಂತ ಮುಂಚೆ ಬೇಕಾಗಿರುವುದು ಲೆಕ್ಕ. ಯಾವ ತಾಲ್ಲೂಕಿನಲ್ಲಿ ಯಾವ ಕ್ಯಾನ್ಸರ್ ಎಷ್ಟು, ಯಾವ ಹಂತದಲ್ಲಿ ಬರುತ್ತಾರೆ, ಎಷ್ಟು ಜನ ಚಿಕಿತ್ಸೆ ಮಧ್ಯದಲ್ಲೇ ಬಿಡುತ್ತಾರೆ? ಇದನ್ನು ದಾಖಲಿಸುವುದಕ್ಕೆ ಕ್ಯಾನ್ಸರ್ ನೋಂದಣಿ ಅನ್ನುತ್ತಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ ಶುರು ಮಾಡಿದಾಗ ಮೊದಲ ಊರುಗಳಲ್ಲಿ ಬೆಂಗಳೂರೂ ಒಂದು, ಕಿದ್ವಾಯಿಯಲ್ಲಿ ಆ ಕೆಲಸ ನಡೆಯಿತು. ಅಡಿಕೆ ಬೆಳೆಯುವ ಚನ್ನಗಿರಿ, ಮಂಡಕ್ಕಿ ಭಟ್ಟಿಗಳ ಹೊಗೆ ಇರುವ ದಾವಣಗೆರೆ, ಒಣ ಭೂಮಿಯ ಚಳ್ಳಕೆರೆ, ಮೊಳಕಾಲ್ಮೂರು, ಇವೆಲ್ಲ ಒಂದೇ ಥರ ಇರುವುದಿಲ್ಲ. ಬೆಂಗಳೂರಿನ ಅಂಕಿ ನಮ್ಮ ಹಳ್ಳಿಗಳ ಕತೆ ಹೇಳುವುದಿಲ್ಲ.

ಡಾಕ್ಟರ್ ಆಗದೆಯೂ ಬಹಳ ದಾರಿ ಇದೆ. ಭೌತಶಾಸ್ತ್ರ ಇಷ್ಟ ಇದ್ದರೆ ಮೆಡಿಕಲ್ ಫಿಸಿಕ್ಸ್ ನೋಡು, ಕರೆಂಟ್ ಎಲ್ಲಿ ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕುವವರು ಅವರೇ, ಅವರಿಲ್ಲದೆ ಮಿಷನ್ ಓಡಿಸುವಂತಿಲ್ಲ. ಗಣಿತ ಇಷ್ಟ ಇದ್ದರೆ ಬಯೋಸ್ಟ್ಯಾಟಿಸ್ಟಿಕ್ಸ್. ಜೀವಶಾಸ್ತ್ರ ಆದರೆ ಮಾಲಿಕ್ಯುಲರ್ ಬಯಾಲಜಿ, ಸೈಟೋಲಜಿ. ಜನರ ಜೊತೆ ಮಾತಾಡುವುದು ಇಷ್ಟವಾದರೆ ವೈದ್ಯಕೀಯ ಸಮಾಜಕಾರ್ಯ. ನಿನಗೆ ಯಾವ ವಿಷಯದಲ್ಲಿ ಜಾಸ್ತಿ ಆಸಕ್ತಿ ಅಂತ ಬರೆದು ಕಳಿಸು, ಯಾವ ಕೋರ್ಸಿಗೆ ಏನು ಓದಿರಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಬಿಡಿಸಿ ಹೇಳುತ್ತೇನೆ.